ಬೀದರ ಎಷ್ಟು ದೂರ?

ನಮ್ಮ ರಾಯಕೋಟೆಯ ಸೀಮೆಯಲ್ಲಿ ‘ಎಷ್ಟು ದೂರ?’ ಎಂದು ಕೇಳಿದರೆ ಕಿಲೋಮೀಟರಿನ ಲೆಕ್ಕದಲ್ಲಿ ಉತ್ತರ ಹೇಳುವವರು ಕಡಿಮೆ. ಹೊಸೂರು ಎಷ್ಟು ದೂರವೆಂದರೆ ‘ಒಂದು ಗಂಟೆ’ ಎನ್ನುತ್ತಾರೆ. ಕೃಷ್ಣಗಿರಿ ಎಷ್ಟು ದೂರವೆಂದರೆ ‘ಬಸ್ಸು ಸಿಕ್ಕರೆ ಮುಕ್ಕಾಲು ಗಂಟೆ’ ಎನ್ನುತ್ತಾರೆ. ಈ ‘ಸಿಕ್ಕರೆ’ ಎಂಬ ಪದವನ್ನು ಓದುಗ ಬಂಧುಗಳು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮೂವತ್ತು ವರ್ಷಗಳಿಂದ ಹಳ್ಳಿಯ ಶಾಲೆಯ ಕರಿಹಲಗೆಯ ಮೇಲೆ ದೂರ, ವೇಗ, ಕಾಲಗಳ ಸೂತ್ರವನ್ನು ಬರೆಯುತ್ತ ಬಂದಿದ್ದೇನೆ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ ಎಂಬುದು ಆ ಸೂತ್ರ. ಅದರಲ್ಲಿ ‘ಸಿಕ್ಕರೆ’ಗೆ ಸ್ಥಾನವಿಲ್ಲ. ಸಂಸಾರದ ಲೆಕ್ಕದಲ್ಲಿ ಮಾತ್ರ ಅದಕ್ಕೇ ಅಗ್ರಸ್ಥಾನ.

ಈ ವಿಚಾರವನ್ನು ನಾನು ಕುಳಿತು ಯೋಚಿಸುವಂತೆ ಮಾಡಿದುದು ನನ್ನ ಮಗಳಿಗೆ ಬೀದರದಿಂದ ಬಂದ ಸಂಬಂಧ. 2022ರ ಶ್ರಾವಣದಲ್ಲಿ ದೂರದ ನಂಟರೊಬ್ಬರು ಆ ಜಾತಕವನ್ನು ತಂದರು. ಹುಡುಗ ವಕೀಲ, ಬೀದರದ ನ್ಯಾಯಾಲಯದಲ್ಲಿ ವೃತ್ತಿ, ತಿಂಗಳಿಗೆ ನಾಲ್ಕೈದು ಬಾರಿ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಿಬರುವ ಕೆಲಸ. ಮನೆತನ ಒಳ್ಳೆಯದು, ವರದಕ್ಷಿಣೆಯ ಮಾತಿಲ್ಲ, ಮನೆಮಾತು ಕನ್ನಡ. ತಮಿಳುನಾಡಿನ ಅಂಚಿನಲ್ಲಿ ಕುಳಿತು ಕನ್ನಡದ ಮನೆಯನ್ನು ಹುಡುಕುವ ಹೆಣ್ಣು ಹೆತ್ತವರಿಗೆ ಈ ಕೊನೆಯ ಅಂಶದ ಬೆಲೆ ಗೊತ್ತು. ಅಡ್ಡಿಯಾಗಿದ್ದುದು ಒಂದೇ, ದೂರ. ನಮ್ಮದು ಕನ್ನಡ ನುಡಿಯ ತೆಂಕಣ ಅಂಚು. ಬೀದರವು ಕರ್ನಾಟಕದ ಕಿರೀಟವೆನಿಸಿಕೊಂಡ ಬಡಗಣ ತುದಿ. ರಸ್ತೆಯಲ್ಲಿ ಹೋದರೆ ಬೆಂಗಳೂರಿನಿಂದಲೇ ಸುಮಾರು 700 ಕಿಲೋಮೀಟರು.

ನನ್ನ ತಾಯಿ ಮಾತು ಕೇಳಿದೊಡನೆಯೇ ಹೇಳಿಬಿಟ್ಟರು: “ಅಷ್ಟು ದೂರಕ್ಕೆ ಹೆಣ್ಣು ಕೊಟ್ಟರೆ ಕೊಟ್ಟಂಗಲ್ಲ ಕಣೋ, ಕಳಕೊಂಡಂಗೆ.”

ಹುಡುಗನ ಸೋದರಮಾವ ನಕ್ಕರು. “ದೂರ ಏನ್ ಬಂತ್ರೀ ಗುರುಗಳೇ, ಈಗ ವಿಮಾನ ಅದಾವಲ್ಲ. ಬೆಂಗಳೂರಾಗ ಹತ್ತಿದ್ರ ಒಂದು ತಾಸು ಹತ್ತು ಮಿನಿಟಿನಾಗ ಬೀದರದಾಗ ಇಳೀತೀರಿ” ಎಂದರು. ಅವರ ಮಾತು ಸುಳ್ಳಲ್ಲ. 2020ರ ಫೆಬ್ರವರಿ 7ರಂದು ಬೀದರಕ್ಕೆ ಮೊದಲ ನಾಗರಿಕ ವಿಮಾನ ಬಂದಿತ್ತು. ನಡುವೆ ನಿಂತುಹೋಗಿದ್ದ ಸೇವೆಯನ್ನು 2022ರ ಜೂನ್‌ನಲ್ಲಿ ಇನ್ನೊಂದು ಕಂಪನಿ ಮತ್ತೆ ಆರಂಭಿಸಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮನೆಯವರು ಮೆಲ್ಲನೆ, “ರೀ, ಬೆಂಗಳೂರಲ್ಲಿ ಹತ್ತೋದಕ್ಕೆ ಇಲ್ಲಿಂದ ಎಷ್ಟು ಹೊತ್ತು ಅಂತ ಯಾರೂ ಹೇಳ್ತಿಲ್ವಲ್ಲ” ಎಂದರು. ಬಂದವರ ಎದುರಿಗೆ ನಾನು ಆ ಪ್ರಶ್ನೆಯನ್ನು ಎತ್ತಲಿಲ್ಲ. ಅತಿಥಿಗಳ ಬಾಯಿಂದ ಬಂದ ಒಳ್ಳೆಯ ಮಾತನ್ನು ಲೆಕ್ಕದ ಕೋಲಿನಿಂದ ಅಳೆಯುವುದು ಶಿಷ್ಟಾಚಾರವಲ್ಲ. ಮದುವೆ 2023ರ ವೈಶಾಖದಲ್ಲಿ ರಾಯಕೋಟೆಯಲ್ಲಿಯೇ ನಡೆಯಿತು.

ಬೀದರ ಎಷ್ಟು ದೂರವೆಂಬುದನ್ನು ನಾನು ನಕಾಶೆಯ ಮೇಲೆ ಅಳೆದು ನೋಡಿದ್ದೆ. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಮಕ್ಕಳನ್ನು ನಡೆಸಬೇಕೆಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ನಾನು ಎಂಟನೆಯ ತರಗತಿಯ ಮಕ್ಕಳಿಗೂ ಅದೇ ಕ್ರಮದಲ್ಲಿ ಇದನ್ನು ಹೇಳಿಕೊಟ್ಟೆ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದೊಂದು ಪಾಲಿಗೂ ‘ಮಿನಿಟು’ ಎಂದು ಹೆಸರು. ಭೂಮಿಯ ಮೇಲೆ ಆ ಒಂದು ಮಿನಿಟಿನ ಅಗಲವೇ ನಾವಿಕರ ಮೈಲಿ, ಅಂದರೆ 1.852 ಕಿಲೋಮೀಟರು. ಹಡಗಿನವರ ಈ ಅಳತೆಯನ್ನೇ ವಿಮಾನದವರೂ ಇಟ್ಟುಕೊಂಡಿದ್ದಾರೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವು 13 ಡಿಗ್ರಿ 12 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ; ಬೀದರದ ನಿಲ್ದಾಣವು 17 ಡಿಗ್ರಿ 54 ಮಿನಿಟಿನಲ್ಲಿದೆ. ವ್ಯತ್ಯಾಸ 4 ಡಿಗ್ರಿ 42 ಮಿನಿಟು, ಎಂದರೆ 282 ಮಿನಿಟು. ಬೀದರವು ಹೆಚ್ಚುಕಡಿಮೆ ಬೆಂಗಳೂರಿನ ನೇರ ಉತ್ತರಕ್ಕೇ ಇರುವುದರಿಂದ 282 ನಾವಿಕ ಮೈಲಿಗಳೇ ದೂರವಾಯಿತು. ಕಿಲೋಮೀಟರಿಗೆ ತಿರುಗಿಸಿದರೆ 522. ಅಳತೆಪಟ್ಟಿ ಬೇಕಿಲ್ಲ, ಬರಿಯ ಅಟ್ಲಾಸು ಸಾಕು. ಈ ಲೆಕ್ಕ ಬಿಡಿಸಿದ ದಿನ ಮಕ್ಕಳ ಮುಖದಲ್ಲಿ ಕಂಡ ಬೆಳಕನ್ನು ನಾನು ಬಹುಕಾಲ ಮರೆಯಲಾರೆ.

ಈಗಿನ ಚಿಕ್ಕ ಜೆಟ್ ವಿಮಾನಗಳು ಮೇಲೆ ಹೋದ ಬಳಿಕ ಗಂಟೆಗೆ 800 ಕಿಲೋಮೀಟರಿನಷ್ಟು ಓಡುತ್ತವೆ. ಸೂತ್ರದ ಪ್ರಕಾರ 522 ಕಿಲೋಮೀಟರಿಗೆ 39 ಮಿನಿಟು ಸಾಕು. ಕಂಪನಿಯ ವೇಳಾಪಟ್ಟಿಯಲ್ಲಿದ್ದುದು ಸುಮಾರು 70 ಮಿನಿಟು. ಉಳಿದ 31 ಮಿನಿಟು ಎಲ್ಲಿ ಹೋಯಿತು? ನಿಂತ ಜಾಗದಿಂದ ಓಡುದಾರಿಯವರೆಗೆ ತೆವಳುವುದಕ್ಕೆ, ತನ್ನ ಸರದಿಗೆ ಕಾಯುವುದಕ್ಕೆ, ಏರುವುದಕ್ಕೆ, ಇಳಿಯುವುದಕ್ಕೆ, ಗಾಳಿಯ ದಿಕ್ಕು ನೋಡಿ ಸುತ್ತು ಹಾಕುವುದಕ್ಕೆ. ದೂರ ಹೆಚ್ಚಾದರೂ ಕಡಿಮೆಯಾದರೂ ಈ ಅರ್ಧ ಗಂಟೆಯ ತೆರಿಗೆಯನ್ನು ಪ್ರತಿಯೊಂದು ವಿಮಾನವೂ ತೆರಲೇಬೇಕು.

ಇದು ವಿಮಾನ ತೆರುವ ತೆರಿಗೆ. ಪ್ರಯಾಣಿಕ ತೆರುವುದು ಬೇರೆ. ಮದುವೆಯಾದ ಮರುತಿಂಗಳು ನಾನೂ ನನ್ನ ಮನೆಯವರೂ ಬೀದರಕ್ಕೆ ಹೊರಟೆವು. ಆಕೆಗೆ ಅದು ಮೊದಲ ವಿಮಾನಯಾನ. ರಾಯಕೋಟೆಯಿಂದ ಹೊಸೂರು, ಹೊಸೂರಿನಿಂದ ಬೆಂಗಳೂರು, ಆ ಮಹಾನಗರವನ್ನು ತೆಂಕಣದಿಂದ ಬಡಗಣಕ್ಕೆ ಇಡಿಯಾಗಿ ಸೀಳಿಕೊಂಡು ದೇವನಹಳ್ಳಿ. 2008ರವರೆಗೆ ವಿಮಾನಗಳು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದವು. ಹೊಸೂರಿನ ಕಡೆಯವರಿಗೆ ಅದು ಅನುಕೂಲವಾಗಿತ್ತು. ಆ ವರ್ಷ ಹೊಸ ನಿಲ್ದಾಣ ನಗರದ ಆಚೆಯ ಬದಿಗೆ ಹೋದ ಮೇಲೆ, ವಿಮಾನ ಹಿಡಿಯುವುದಕ್ಕಾಗಿ ನಾವು ದಾಟಬೇಕಾದುದು ಬೆಂಗಳೂರನ್ನೇ. ಮನೆಯ ಬಾಗಿಲಿನಿಂದ ನಿಲ್ದಾಣದ ಬಾಗಿಲಿಗೆ 4 ಗಂಟೆ 15 ಮಿನಿಟು. ಒಳಗೆ ತಪಾಸಣೆ, ಕಾಯುವಿಕೆ, ಆಕೆಯ ಚೀಲದಲ್ಲಿದ್ದ ಉಪ್ಪಿನಕಾಯಿಯ ಡಬ್ಬಿಯ ಬಗ್ಗೆ ನಡೆದ ವಿಚಾರಣೆ, ಎಲ್ಲ ಸೇರಿ 2 ಗಂಟೆ. ಆಕಾಶದಲ್ಲಿ 1 ಗಂಟೆ 10 ಮಿನಿಟು. ಇಳಿದು ಬೀಗರ ಮನೆ ಸೇರಲು 45 ಮಿನಿಟು. ಒಟ್ಟು 490 ಮಿನಿಟುಗಳಲ್ಲಿ ಹಾರಿದುದು 70. ಏಳರಲ್ಲಿ ಒಂದು ಪಾಲು ಮಾತ್ರ. ಹಾಗೆಂದು ವಿಮಾನವನ್ನು ಹೀಗಳೆಯಲಾರೆ. ರೈಲಿನಲ್ಲಿ ಹೋಗಿದ್ದರೆ ಮನೆಯಿಂದ ಮನೆಗೆ ಹದಿನೆಂಟು ಗಂಟೆಗೆ ಕಡಿಮೆಯಾಗುತ್ತಿರಲಿಲ್ಲ. ನಾವು ಬೆಳಿಗ್ಗೆ ರಾಯಕೋಟೆಯಲ್ಲಿ ಮುಖ ತೊಳೆದವರು ಅದೇ ದಿನ ಬೀಗರ ಮನೆಯಲ್ಲಿ ಜೋಳದ ರೊಟ್ಟಿ ತಿಂದೆವು. ಹಾದಿಯುದ್ದಕ್ಕೂ ಕಿಟಕಿಯಿಂದ ಮುಖ ತೆಗೆಯದ ನನ್ನ ಮನೆಯವರು ಇಳಿದ ಮೇಲೆ ಹೇಳಿದ ಮಾತು, “ಇಷ್ಟೇನಾ?”

ಬೀದರದ ನಿಲ್ದಾಣ ವಾಯುಪಡೆಯದು. ನಮ್ಮ ದೇಶದ ಹೆಸರಾಂತ ಸೂರ್ಯಕಿರಣ ತಂಡದ ನೆಲೆಯೂ ಅಲ್ಲಿಯೇ. ಒಂದು ಅಂಚಿನಲ್ಲಿ ನಾಗರಿಕರಿಗೆಂದು ಪುಟ್ಟ ಕಟ್ಟಡವಿದೆ. ಅಲ್ಲಿ ನಮಗಾಗಿ ಕಾಯುತ್ತಿದ್ದ ಅಳಿಯಂದಿರನ್ನು ನಾನು ಕೇಳಿದೆ: “ಕಲಬುರಗಿಯಲ್ಲಿಯೂ ವಿಮಾನ ನಿಲ್ದಾಣವಿದೆಯಲ್ಲ, ನೀವು ಕೋರ್ಟಿಗೆ ಹಾರಿಕೊಂಡು ಹೋಗಬಹುದಲ್ಲವೆ?” ಅವರು ನಗುತ್ತ, “ಹೋಗಬಹುದು ಮಾವ, ಆದರ ಬೆಂಗಳೂರಿಗೆ ಹೋಗಿ ಹೋಗಬೇಕು” ಎಂದರು.

ಊರಿಗೆ ಮರಳಿ ಈ ಮಾತನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಿಡಲಿಲ್ಲ. ಆ ಎರಡು ನಿಲ್ದಾಣಗಳ ನಡುವೆ ನೇರವಾಗಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದರು. ಮತ್ತೆ ಅಟ್ಲಾಸು ತೆರೆದೆವು. ಕಲಬುರಗಿಯ ನಿಲ್ದಾಣ 17 ಡಿಗ್ರಿ 18 ಮಿನಿಟು ಅಕ್ಷಾಂಶ, 76 ಡಿಗ್ರಿ 57 ಮಿನಿಟು ರೇಖಾಂಶ. ಬೀದರದ್ದು ಅದಕ್ಕಿಂತ 36 ಮಿನಿಟು ಉತ್ತರಕ್ಕೆ, 32 ಮಿನಿಟು ಪೂರ್ವಕ್ಕೆ. ಧ್ರುವಗಳ ಕಡೆಗೆ ಹೋದಂತೆ ರೇಖಾಂಶದ ಗೆರೆಗಳು ಒತ್ತೊತ್ತಾಗುವುದರಿಂದ ಅಲ್ಲಿನ 32 ಮಿನಿಟು ಸುಮಾರು ಮೂವತ್ತೂವರೆ ನಾವಿಕ ಮೈಲಿಗೆ ಸಮ. ಇನ್ನು ಪೈಥಾಗೊರಸನ ಪ್ರಮೇಯ. ಒಂದು ಬಾಹು 36, ಇನ್ನೊಂದು ಮೂವತ್ತೂವರೆ. ಕರ್ಣ 47ಕ್ಕೆ ತುಸು ಮೇಲೆ. ಕಿಲೋಮೀಟರಿನಲ್ಲಿ ಸುಮಾರು 87. ಜೆಟ್ ವಿಮಾನದ ವೇಗಕ್ಕೆ ಇದು ಆರೂವರೆ ಮಿನಿಟಿನ ದಾರಿ. ಅರ್ಧ ಗಂಟೆಯ ತೆರಿಗೆ ಸೇರಿಸಿದರೂ 40 ಮಿನಿಟು ದಾಟದು. ಬೆಂಗಳೂರಿನ ಮೂಲಕ ಹೋದರೋ, ಬೀದರದಿಂದ ತೆಂಕಣಕ್ಕೆ 522, ಅಲ್ಲಿಂದ ಕಲಬುರಗಿಗೆ ಹಿಂದಕ್ಕೆ 462, ಒಟ್ಟು 984 ಕಿಲೋಮೀಟರು. 87ರ ಹನ್ನೊಂದು ಪಟ್ಟಿಗಿಂತ ಹೆಚ್ಚು. ‘ಸುತ್ತಿ ಬಳಸಿ ಮೂಗು ಹಿಡಿಯುವುದು’ ಎಂಬ ಗಾದೆಯ ಅರ್ಥವನ್ನು ಆ ದಿನ ನಾನು ವಿವರಿಸಬೇಕಾಗಲಿಲ್ಲ.

ಹಾಗಾದರೆ ಬೀದರಕ್ಕೂ ಕಲಬುರಗಿಗೂ ನೇರ ವಿಮಾನ ಬೇಕೆಂದು ಕೇಳಬೇಕೆ? ಒಬ್ಬ ಹುಡುಗಿ ಹಾಗೆಯೇ ಕೇಳಿದಳು. ನಾನು ಬೇಡವೆಂದೆ. ನನ್ನ ಅಳಿಯಂದಿರು ರೈಲಿನಲ್ಲಿ ಹೋಗುತ್ತಾರೆ. ಬೀದರ-ಕಲಬುರಗಿ ಮಾರ್ಗ 110 ಕಿಲೋಮೀಟರಿನದು. ಹುಮನಾಬಾದಿನ ಮೇಲೆ ಹಾದುಹೋಗುತ್ತದೆ. 1990ರ ದಶಕದ ಕೊನೆಯಲ್ಲಿ ಮಂಜೂರಾಗಿ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಇಪ್ಪತ್ತು ವರ್ಷಕ್ಕೆ 110 ಕಿಲೋಮೀಟರೆಂದರೆ ಆ ಹಳಿಯ ವೇಗ ವರ್ಷಕ್ಕೆ ಐದೂವರೆ ಕಿಲೋಮೀಟರು! ಬಸವನಹುಳುವಿಗೂ ನಗು ಬಂದೀತು. ಆದರೆ ಬಂದ ಮೇಲೆ ಅದು ಆ ಎರಡು ಜಿಲ್ಲೆಗಳಿಗೆ ಎಷ್ಟು ಉಪಕಾರ ಮಾಡಿತೆಂಬುದನ್ನು ಅಲ್ಲಿಯ ಜನರ ಬಾಯಿಂದಲೇ ಕೇಳಬೇಕು. ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂದುದು 2008ರಲ್ಲಿ, ಕಾಯಂ ಪೀಠವಾದುದು 2013ರಲ್ಲಿ. ಅದಕ್ಕೆ ಮುಂಚೆ ಬೀದರದ ರೈತನೊಬ್ಬ ತನ್ನ ಹೊಲದ ತಕರಾರಿನ ಮೇಲ್ಮನವಿಗೆ ಬೆಂಗಳೂರಿಗೇ ಹೋಗಬೇಕಿತ್ತು. ನ್ಯಾಯಾಲಯವೇ ಹತ್ತಿರಕ್ಕೆ ಬಂದಾಗ ದೂರ ಕಡಿಮೆಯಾದಷ್ಟು ಯಾವ ವಿಮಾನದಿಂದಲೂ ಆಗಲಾರದು ಎಂದು ನನಗನ್ನಿಸುತ್ತದೆ. ಕಚೇರಿಗಳನ್ನು ಹಂಚುವವರು ಇದನ್ನು ಗಮನಿಸಿದರೆ ಎಷ್ಟೋ ಟಿಕೆಟುಗಳು ಉಳಿದಾವು.

ಎರಡು ನಿಲ್ದಾಣಗಳ ನಡುವೆ ಅಂತರ ಕಡಿಮೆಯಿದ್ದ ಮಾತ್ರಕ್ಕೆ ವಿಮಾನ ವ್ಯರ್ಥವೆಂದೂ ಅಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಗಳಿವೆ. ಅವುಗಳಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬ ಎರಡರ ನಡುವೆ 1967ರಿಂದ ಒಂದು ಪುಟ್ಟ ವಿಮಾನ ಓಡಾಡುತ್ತ ಬಂದಿದೆ. ವೇಳಾಪಟ್ಟಿಯಂತೆ ಹಾರುವ ವಿಮಾನಗಳಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಚಿಕ್ಕ ಪಯಣವದು. ದೂರ 2.7 ಕಿಲೋಮೀಟರು, ವೇಳಾಪಟ್ಟಿಯಲ್ಲಿ ಕೊಟ್ಟಿರುವ ಸಮಯ ಎರಡು ಮಿನಿಟು, ಗಾಳಿ ಅನುಕೂಲವಾಗಿದ್ದ ಒಂದು ದಿನ 53 ಸೆಕೆಂಡಿನಲ್ಲಿಯೇ ಮುಗಿದುದುಂಟು. ಕಲಬುರಗಿಯ ಓಡುದಾರಿಯ ಉದ್ದವೇ 3 ಕಿಲೋಮೀಟರಿಗೆ ಹೆಚ್ಚು. ಎಂದರೆ ಅಲ್ಲಿಯವರ ಇಡೀ ಪ್ರಯಾಣ ನಮ್ಮ ಓಡುದಾರಿಯೊಳಗೆ ಹಿಡಿಸುತ್ತದೆ! ಇಷ್ಟು ಸಣ್ಣ ಅಂತರಕ್ಕೆ ವಿಮಾನವೇಕೆಂದರೆ ನಡುವೆ ಉತ್ತರದ ಕಡಲಿದೆ. ಪಾಪಾ ವೆಸ್ಟ್ರೇಯಲ್ಲಿ ನೂರು ಜನರೂ ಇಲ್ಲ. ಒಂದು ದ್ವೀಪದಿಂದ ಇನ್ನೊಂದಕ್ಕೆ ಸುತ್ತಿ ಪಾಠ ಹೇಳುವ ಉಪಾಧ್ಯಾಯರು, ವೈದ್ಯರು, ರೋಗಿಗಳು ಇದೇ ವಿಮಾನದಲ್ಲಿ ಬಂದುಹೋಗುತ್ತಾರೆ. ಶಾಲೆಗೆ ವಿಮಾನದಲ್ಲಿ ಬರುವ ಮೇಷ್ಟ್ರು! ಬಸ್ಸು ತಪ್ಪಿದರೆ ಎರಡು ಮೈಲಿ ನಡೆದು ಬರುವ ನನ್ನ ಸಹೋದ್ಯೋಗಿಗಳು ಈ ಸಂಗತಿಯನ್ನು ಕೇಳಿ ನಿಟ್ಟುಸಿರು ಬಿಟ್ಟರು.

ಕಡಲಿನ ಬದಲು ಪರ್ವತವಿರುವ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಶ್ರೀನಗರದಿಂದ ಲೇಹಕ್ಕೆ ಗಗನಮಾರ್ಗದಲ್ಲಿ ಸುಮಾರು 255 ಕಿಲೋಮೀಟರು. ರಸ್ತೆಯಲ್ಲಿ 420ರ ಆಸುಪಾಸು, ಅದೂ ಚಳಿಗಾಲದಲ್ಲಿ ಜೋಜಿಲಾ ಕಣಿವೆ ಹಿಮದಿಂದ ಮುಚ್ಚಿದರೆ ಇಲ್ಲವೇ ಇಲ್ಲ. 1948ರ ಮೇ ತಿಂಗಳಿನಲ್ಲಿ ಲೇಹದ ರಕ್ಷಣೆಯ ಪ್ರಶ್ನೆ ಬಂದಾಗ, ಸೋನಂ ನೋರ್ಬು ಎಂಬ ಎಂಜಿನಿಯರರು ಸಿಂಧೂ ನದಿಯ ಬಯಲಿನಲ್ಲಿ ಸಿದ್ಧಗೊಳಿಸಿದ ನೆಲದ ಮೇಲೆ ಮೆಹರ್ ಸಿಂಗರು ಡಕೋಟ ವಿಮಾನವನ್ನು ಇಳಿಸಿದರು. ಅದರಲ್ಲಿ ಅವರ ಜೊತೆ ಕುಳಿತಿದ್ದವರು ನಮ್ಮ ಕೊಡಗಿನ ತಿಮ್ಮಯ್ಯನವರು. ಅಲ್ಲಿ ಅದಕ್ಕೆ ಮೊದಲು ವಿಮಾನ ಇಳಿದಿರಲಿಲ್ಲ. ಅಲ್ಲಿ ಒಂದು ಗಂಟೆಯ ಹಾರಾಟ ಒಂದು ಪಟ್ಟಣವನ್ನು ಉಳಿಸಿತು.

ಬೀದರ-ಬೆಂಗಳೂರುಗಳ ನಡುವೆ ಕಡಲೂ ಇಲ್ಲ, ಹಿಮವೂ ಇಲ್ಲ. ಇರುವುದು ಬರಿಯ ಉದ್ದ. ಉದ್ದವನ್ನು ರೈಲೂ ದಾಟೀತು, ವಿಮಾನವೂ ದಾಟೀತು. ಯಾವುದು ಉಳಿಯುತ್ತದೆಂಬುದನ್ನು ಹಣ ತೀರ್ಮಾನಿಸುತ್ತದೆ. ‘ಉಡಾನ್’ ಯೋಜನೆಯಲ್ಲಿ ಒಂದು ಗಂಟೆಯ, ಸುಮಾರು 500 ಕಿಲೋಮೀಟರಿನ ಪ್ರಯಾಣಕ್ಕೆ ಅರ್ಧದಷ್ಟು ಆಸನಗಳನ್ನು 2,500 ರೂಪಾಯಿಯ ಮಿತಿಯಲ್ಲಿ ಕೊಡಬೇಕೆಂದು 2017ರಲ್ಲಿ ಆರಂಭಿಸಿದಾಗ ಗೊತ್ತುಮಾಡಿದ್ದರು. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ; ಆದರೆ ಮೂರು ವರ್ಷ ಮಾತ್ರ. ಮಗುವಿಗೆ ನಡೆಯಲು ಕಲಿಸಿ ಕೈ ಬಿಡುವಂತೆ ಎಂದು ಯೋಜನೆಯವರ ಭಾವನೆ. ಕೆಲವು ಮಕ್ಕಳು ನಡೆದವು, ಕೆಲವು ಕುಳಿತುಬಿಟ್ಟವು. ನಮ್ಮ ಸೀಮೆಗೆ ಇದು ಹೊಸ ಅನುಭವವಲ್ಲ. ಧರ್ಮಪುರಿಯಿಂದ ಹೊಸೂರಿಗೆ 1913ರಲ್ಲಿ ಬಂದಿದ್ದ ಚಿಕ್ಕ ಹಳಿಯ ರೈಲನ್ನು 1941ರಲ್ಲಿ ಮುಚ್ಚಿದರು. ಮತ್ತೆ ಹೊಸೂರಿನವರು ರೈಲಿನ ಕೂಗು ಕೇಳಲು ದಶಕಗಳು ಹಿಡಿದವು.

2023ರ ಡಿಸೆಂಬರ್‌ನಲ್ಲಿ ಬೀದರದ ವಿಮಾನ ನಿಂತಿತು. ಮಗಳು ಫೋನಿನಲ್ಲಿ ಹೇಳಿದಳು. ನನ್ನ ತಾಯಿ ಏನೂ ಅನ್ನಲಿಲ್ಲ. ಎಲೆಅಡಿಕೆಯ ಚೀಲದ ದಾರವನ್ನು ಬಿಗಿದು ಆಚೆ ತಿರುಗಿ ಕುಳಿತರು.

ಎರಡು ತಿಂಗಳು ಕಳೆಯುವಷ್ಟರಲ್ಲಿ ತಾಯಿ ಹಾಸಿಗೆ ಹಿಡಿದರು. ಎಂಬತ್ತು ದಾಟಿದ ಶರೀರ. ಫೆಬ್ರವರಿಯ ಒಂದು ಮಧ್ಯಾಹ್ನ ಎರಡು ಗಂಟೆಗೆ ವೈದ್ಯರು, ‘ಬರುವವರಿದ್ದರೆ ಕರೆಸಿಕೊಳ್ಳಿ’ ಎಂದರು. ಬೀದರಕ್ಕೆ ಫೋನು ಮಾಡಿದೆ. ಮಗಳು ನಾಲ್ಕು ತಿಂಗಳ ಗರ್ಭಿಣಿ. ಅಳಿಯಂದಿರು ತಡಮಾಡದೆ ಆಕೆಯನ್ನು ಕರೆದುಕೊಂಡು ಸಂಜೆಯ ರೈಲು ಹತ್ತಿದರು. ಆ ರಾತ್ರಿ ನಾನು ತಾಯಿಯ ಪಕ್ಕದಲ್ಲಿ ಕುಳಿತು ರೈಲು ಎಲ್ಲೆಲ್ಲಿ ಬಂದಿರಬಹುದೆಂದು ಎಣಿಸುತ್ತಿದ್ದೆ. ನಿದ್ದೆಯಲ್ಲೂ ಎಚ್ಚರದಲ್ಲೂ ಇಲ್ಲದ ಆ ಜೀವ ಆಗಾಗ, “ಎಲ್ಲಿಗೆ ಬಂದ್ಳೋ?” ಎಂದು ಕೇಳುತ್ತಿತ್ತು. ನಾನು ರಾಯಚೂರು ಎನ್ನುತ್ತಿದ್ದೆ, ಗುಂತಕಲ್ಲು ಎನ್ನುತ್ತಿದ್ದೆ. ಆ ಹೆಸರುಗಳನ್ನು ಅವರು ಹಿಂದೆ ಕೇಳಿರಲಿಲ್ಲ. ಆದರೂ ಕೇಳಿ ತಲೆಯಾಡಿಸುತ್ತಿದ್ದರು. ಬೆಳಿಗ್ಗೆ ಯಶವಂತಪುರ, ಅಲ್ಲಿಂದ ಹೊಸೂರು, ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಬಾಗಿಲು. ಫೋನು ಮಾಡಿದ ಹೊತ್ತಿನಿಂದ 22 ಗಂಟೆ. ಮಗಳು ಕೈ ಹಿಡಿದಾಗ ತಾಯಿ ಕಣ್ಣು ತೆರೆದು, “ಬಂದ್ಯಾ? ಉಂಡ್ಯಾ?” ಎಂದರು. ನಾಲ್ಕು ದಿನ ಇದ್ದರು. ಐದನೆಯ ದಿನ ನಸುಕಿನಲ್ಲಿ ಹೋದರು.

ಕರ್ಮಾಂತರಗಳು ಮುಗಿದ ಮೇಲೆ ಬಂಧುಗಳೆಲ್ಲ ಒಂದೇ ಮಾತು ಆಡಿದರು: ವಿಮಾನವಿದ್ದಿದ್ದರೆ ಇನ್ನೂ ಬೇಗ ಬರುತ್ತಿದ್ದಳು ಎಂದು. ನಾನು ಹಾಳೆ ತೆಗೆದು ಬರೆದು ನೋಡಿದೆ. ದಿನಕ್ಕೊಂದು ವಿಮಾನವಿದ್ದು, ಎರಡು ಗಂಟೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಆ ದಿನದ್ದು ಹಾರಿಹೋಗಿದ್ದರೆ ಆಕೆ ಮರುದಿನದ ಮಧ್ಯಾಹ್ನದವರೆಗೆ ಬೀದರದಲ್ಲಿಯೇ ಕಾಯಬೇಕಿತ್ತು. ಹಾರಿ, ಇಳಿದು, ಬೆಂಗಳೂರು ದಾಟಿ ರಾಯಕೋಟೆ ಸೇರುವಾಗ ರಾತ್ರಿಯಾಗುತ್ತಿತ್ತು. ಅಷ್ಟು ಹೊತ್ತಿಗೆ ರೈಲಿನಲ್ಲಿ ಬಂದ ಮಗಳು ಅಜ್ಜಿಯ ಬಳಿ ಕುಳಿತು ಎಂಟು ಗಂಟೆಯಾಗಿರುತ್ತಿತ್ತು. ದಿನಕ್ಕೊಮ್ಮೆ ಹಾರುವ ವಿಮಾನಕ್ಕೆ, ಯಾವಾಗ ಬೇಕಾದರೂ ಬರಬಹುದಾದ ಕರೆಯನ್ನು ಎಣಿಸಿದರೆ, ಸರಾಸರಿ 12 ಗಂಟೆ ಕಾಯಬೇಕಾಗುತ್ತದೆ. ವಾರದಲ್ಲಿ ಕೆಲವೇ ದಿನ ಹಾರುವುದಾದರೆ ಇನ್ನೂ ಹೆಚ್ಚು. 70 ಮಿನಿಟಿನ ಹಾರಾಟಕ್ಕೆ 12 ಗಂಟೆಯ ಕಾಯುವಿಕೆ! ಗಂಟೆಗೆ 800 ಕಿಲೋಮೀಟರು ಓಡುವ ಯಂತ್ರ ಸಿಗುವವರೆಗಿನ ಹೊತ್ತನ್ನು ಯಾವ ವೇಳಾಪಟ್ಟಿಯೂ ಅಚ್ಚು ಹಾಕುವುದಿಲ್ಲ. ರೋಗಕ್ಕೆ, ಸಾವಿಗೆ ರೈಲೇ ಸರಿ. ಮುಂಚೆಯೇ ಗೊತ್ತಾದ ಹಬ್ಬಕ್ಕೆ, ಸೀಮಂತಕ್ಕೆ, ನಾಮಕರಣಕ್ಕೆ ವಿಮಾನ. ನಾಲ್ಕು ತಿಂಗಳ ಗರ್ಭಿಣಿ ಬೀದರಕ್ಕೆ ಮರಳುವಾಗ ಹದಿಮೂರು ಗಂಟೆಯ ರೈಲಿನ ಕುಲುಕಾಟವನ್ನು ಮತ್ತೆ ಅನುಭವಿಸಬೇಕಾಯಿತಲ್ಲ, ವಿಮಾನವಿಲ್ಲದ ಕೊರತೆ ನನ್ನ ಮನಸ್ಸಿಗೆ ನಾಟಿದುದು ಆ ದಿನ.

ಇನ್ನೊಂದು ವಿಷಯವನ್ನು ಗಡಿನಾಡಿನ ಓದುಗರಿಗೆ ಹೇಳಲೇಬೇಕು. ಬೀದರಕ್ಕೆ ವಿಮಾನ 2020ರಲ್ಲಿ ಬಂತೆಂದೆನಷ್ಟೆ? ಪ್ರಯಾಣಿಕರ ಕಟ್ಟಡ ಅದಕ್ಕಿಂತ ಸುಮಾರು ಒಂದು ದಶಕದ ಹಿಂದೆಯೇ ಸಿದ್ಧವಾಗಿತ್ತು. ಅಷ್ಟು ವರ್ಷ ಬೀಗ ಬಿದ್ದಿದ್ದುದೇಕೆಂದರೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣವನ್ನು ಕಟ್ಟಿದವರೊಡನೆ ಸರ್ಕಾರ ಮಾಡಿಕೊಂಡ ಒಪ್ಪಂದದಲ್ಲಿ 150 ಕಿಲೋಮೀಟರಿನ ಒಳಗೆ ಬೇರೆ ನಿಲ್ದಾಣ ತೆರೆಯಬಾರದೆಂಬ ಷರತ್ತಿತ್ತು. ಶಂಷಾಬಾದಿನಿಂದ ಬೀದರಕ್ಕೆ ಗಗನಮಾರ್ಗದಲ್ಲಿ ಸುಮಾರು 124 ಕಿಲೋಮೀಟರು. ಬೆಂಗಳೂರಿನ ಒಪ್ಪಂದದಲ್ಲಿಯೂ ಅಂತಹುದೇ ಷರತ್ತಿದೆ. 2008ರಿಂದ 25 ವರ್ಷ, ಅಂದರೆ 2033ರವರೆಗೆ; ಮೈಸೂರು ಮತ್ತು ಹಾಸನಗಳಿಗೆ ಮಾತ್ರ ವಿನಾಯಿತಿ.

ಕೈವಾರ ತೆಗೆದುಕೊಂಡು ದೇವನಹಳ್ಳಿಯ ಮೇಲೆ ಮುಳ್ಳನ್ನೂರಿ 150 ಕಿಲೋಮೀಟರಿನ ವೃತ್ತ ಎಳೆದರೆ ನಮ್ಮ ಸ್ಥಿತಿ ತಿಳಿಯುತ್ತದೆ. ಹೊಸೂರು ಸುಮಾರು 53 ಕಿಲೋಮೀಟರಿನಲ್ಲಿ, ರಾಯಕೋಟೆ ಸುಮಾರು 83ರಲ್ಲಿ, ಎರಡೂ ವೃತ್ತದೊಳಗೆ. ಸೇಲಂ ನಿಲ್ದಾಣ 160ರ ಆಚೆ, ವೃತ್ತದ ಹೊರಗೆ. ಸೇಲಮ್ಮಿಗೆ 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದಲೇ ವಿಮಾನ ಮತ್ತೆ ಬಂತು. ಹೊಸೂರಿನ ಬಳಿ ಬೆಳಗೊಂಡಪಳ್ಳಿಯಲ್ಲಿ ಖಾಸಗಿಯವರ ಓಡುದಾರಿ ವರ್ಷಗಳಿಂದ ಇದ್ದರೂ ಸಾರ್ವಜನಿಕರಿಗೆ ಅಲ್ಲಿಂದ ವಿಮಾನವಿಲ್ಲ. 2024ರ ಜೂನ್ 27ರಂದು ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರಿಗಾಗುವ ನಿಲ್ದಾಣ ಕಟ್ಟುವುದಾಗಿ ವಿಧಾನಸಭೆಯಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಹಿಗ್ಗಿದವರೂ ಇದ್ದಾರೆ, ಹೊಲ ಹೋದೀತೆಂದು ಹೆದರಿದವರೂ ಇದ್ದಾರೆ. ಟೊಮೇಟೊ ಬೆಳೆದು ಬದುಕುವ ಸೀಮೆಯಲ್ಲಿ 2,000 ಎಕರೆಯೆಂದರೆ ಬರಿಯ ಅಂಕಿಯಲ್ಲ. ನಾನಂತೂ ಹೆದರಿದವರ ಮಾತನ್ನು ಮೊದಲು ಕೇಳಬೇಕೆನ್ನುವ ಪಕ್ಷದವನು. ಆದರೆ ಎರಡು ದೊಡ್ಡ ನಗರಗಳ ಲಾಭವನ್ನು ಕಾಯಲು ಎಳೆದ ಒಂದೇ ಅಳತೆಯ ವೃತ್ತಗಳಲ್ಲಿ, ಒಂದರೊಳಗೆ ನನ್ನ ಮನೆಯೂ ಇನ್ನೊಂದರೊಳಗೆ ನನ್ನ ಮಗಳ ಮನೆಯೂ ಸಿಕ್ಕಿಕೊಂಡುದು ವಿಚಿತ್ರವೇ ಸರಿ. ಬೀದರದ ಗಂಟು ಮಾತುಕತೆಯಿಂದ ಬಿಚ್ಚಿತು. ಹೊಸೂರಿನದು ಇನ್ನೂ ಬಿಚ್ಚಬೇಕಾಗಿದೆ. ಅದು ಬಿಚ್ಚಿದರೆ ನಮ್ಮ 4 ಗಂಟೆ 15 ಮಿನಿಟು ಒಂದು ಗಂಟೆಗೆ ಇಳಿಯುತ್ತದೆ. ಹಾರಾಟದಲ್ಲಿ ಉಳಿಸಲಾಗದ ಕಾಲವನ್ನು ನೆಲದ ಮೇಲೆ ಉಳಿಸಿದಂತಾಗುತ್ತದೆ.

ಬೀದರದ ವಿಮಾನ 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿತು. ಆಗ ಮೊಮ್ಮಗನಿಗೆ ಒಂಬತ್ತು ತಿಂಗಳು. ಬೇಸಗೆಯ ರಜೆಗೆ ಮಗಳು ಮಗುವಿನೊಡನೆ ವಿಮಾನದಲ್ಲಿಯೇ ಬಂದಳು. ಮಗು ಇಡೀ ಹಾರಾಟವನ್ನು ನಿದ್ದೆಯಲ್ಲಿ ಕಳೆದು ಹೆಬ್ಬಾಳದ ವಾಹನಸಂದಣಿಯಲ್ಲಿ ಎಚ್ಚೆತ್ತು ಅತ್ತಿತಂತೆ. ಹಿಂದಿರುಗುವ ಟಿಕೆಟನ್ನು ಕೊಳ್ಳಲು ಅಳಿಯಂದಿರು ಫೋನಿನಲ್ಲಿ ದಿನ ಕೇಳಿದರು. ನಾನು ಯಾವ ದಿನ ದರ ಕಡಿಮೆಯೆಂದು ನೋಡುತ್ತಿದ್ದೆ. ನನ್ನ ಮನೆಯವರು ಗೋಡೆಯ ಪಂಚಾಂಗದ ಮುಂದೆ ನಿಂತು, “ಮಂಗಳವಾರ, ಶುಕ್ರವಾರ ಹೆಣ್ಣುಮಗಳನ್ನ ಕಳಿಸೋ ಹಾಗಿಲ್ಲ. ಅಮಾವಾಸ್ಯೆ ಬೇಡ. ಅದು ಬಿಟ್ಟು ಯಾವ ದಿನ ಹಾರತ್ತೋ ಕೇಳ್ರೀ” ಎಂದರು. ಎಲ್ಲವನ್ನೂ ಕಳೆದು ನೋಡಿದಾಗ ಆ ವಾರದಲ್ಲಿ ಹೊಂದುವ ವಿಮಾನ ಸಿಕ್ಕಲಿಲ್ಲ. ಮಗಳು ಇನ್ನೂ ಐದು ದಿನ ಹೆಚ್ಚಾಗಿ ನಮ್ಮಲ್ಲಿ ಉಳಿದಳು.